ಲಚ್ಚಿಯ ಉದರಪರ್ವ

ಹೇ ವಾಗ್ದೇವಿ, ವೀಣೆಯನ್ನು ಕೊಂಚ ಪಕ್ಕಕ್ಕಿಟ್ಟು, ಸೆರಗನ್ನು ಮೂಗಿಗೆ ಹಿಡಿದು ಬಾ ತಾಯಿ. ನಾವಿಂದು ಹೋಗಬೇಕಾಗಿರುವುದು ಕೊಟ್ಟಿಗೆಗೆ, ಹಾಡಬೇಕಾಗಿರುವುದು ಹಸುವಿನ ಹೊಟ್ಟೆಯನ್ನು! ಗದ್ದೆಗಳು ಸೈಟುಗಳಾಗಿ, ಸೈಟುಗಳು ಸೌಧಗಳಾಗಿ, ಪ್ರತಿ ಸೌಧಕ್ಕೂ ಮೊದಲು ಗೋವು ನುಗ್ಗಿ ಅನಂತರ ಯಜಮಾನ ನುಗ್ಗುವ ಈ ಗೃಹಪ್ರವೇಶಯುಗದಲ್ಲಿ, ಮಂಡ್ಯ ಸೀಮೆಯ ಹೊಂಬಾಳೆಕೊಪ್ಪಲಿನಲ್ಲಿ, ಶುಭ್ರಕೃಷ್ಣಚಿತ್ರಾಂಗಿಯೂ ಕೊಡದಂಥ ಕೆಚ್ಚಲಿನ ಘಟೋಧ್ನಿಯೂ ನುಣ್ಣನೆಯ ಟೈಲ್ಸಿನ ಮೇಲೂ ಜಾರದ ಸ್ಥಿರಪದೆಯೂ ಆದ ಲಚ್ಚಿ ಎಂಬ ಸೀಮೆಹಸು ವಿರಾಜಿಸುತ್ತಿದ್ದಳು.

ಅವಳ ಒಡೆಯ ಗಿರಿಜಾಮೀಸೆಮಂಡಿತ, ಪರೋಪಕಾರಪರಾಯಣ, ಪತ್ನೀವಚನಬಧಿರ ಚೆಲುವೇಗೌಡ. ಹೊಸ ಮನೆ ಕಟ್ಟಿದವರು ಯಾರು ಕೇಳಿದರೂ "ನಮ್ ಲಚ್ಚಿ ಬತ್ತಾಳೆ, ನಡೀರಿ" ಎಂದು ಮಾತು ಕೊಡುವುದೇ ಅವನ ಕ್ಷಾತ್ರಧರ್ಮ. ಆ ಬುಧವಾರದ ಒಂದೇ ಬೆಳಗಿಗೆ ನಾಲ್ಕು ಮನೆಗಳಿಗೆ ಮಾತು ಕೊಟ್ಟುಬಿಟ್ಟಿದ್ದ. ನಾಲ್ಕೂ ಮನೆಯ ಪುಣ್ಯಾಕಾಂಕ್ಷಿಗಳು ಲಚ್ಚಿಯ ಬಾಯಿಗೆ ಅಕ್ಕಿ, ಬೆಲ್ಲ, ಬಾಳೆಹಣ್ಣುಗಳನ್ನು ಯಜ್ಞಕುಂಡಕ್ಕೆ ಆಹುತಿಯಂತೆ ಸುರಿದರು. ಕೊನೆಯ ಮನೆಯವರಂತೂ ಒಂದು ಮಂಕರಿ ಅನ್ನವನ್ನೇ ಮುಂದಿಟ್ಟರು. ಪುಣ್ಯ ಅವರಿಗೆ ಸಂದಿತು. ಅನ್ನ ಇವಳೊಳಗೆ ನಿಂತಿತು.

ಮಧ್ಯಾಹ್ನ ಮನೆಗೆ ಮರಳಿದ ಲಚ್ಚಿ ಮೆಲುಕು ನಿಲ್ಲಿಸಿದಳು. ಎಡಹೊಟ್ಟೆ ರಣದುಂದುಭಿಯಂತೆ ಉಬ್ಬಿತು. ಉಸಿರು ಮೇಲುಮೇಲಕ್ಕೆ ಬಂತು. ತಾಯಿ ಸತ್ತ ಕರುವಾಗಿದ್ದ ಇವಳನ್ನು ಬಾಟಲಿ ಹಾಲೂಡಿ ಬದುಕಿಸಿದ್ದ ಗೌಡನ ಮಡದಿ, ಗೋಮಯಕರಕಮಲೆ ಜವರಮ್ಮ ಎದೆ ಬಡಿದುಕೊಂಡಳು.

"ಏಳು ತಿಂಗ್ಳ ಗಬ್ಬ ಕಣ್ರೀ ಇದು! ಊರೋರ್ ಮನೆಗೆಲ್ಲ ನುಗ್ಸಿ ನನ್ ಮನೆ ಹಾಳ್ ಮಾಡ್ಬುಟ್ರಲ್ಲ!"

ಪಶುವೈದ್ಯರು ಫೋನಿನಲ್ಲಿ ಅಶರೀರವಾಣಿಯಾದರು: "ಮುಕ್ಕಾಲು ಗಂಟೇಲಿ ಬರ್ತೀನಿ. ಅಲ್ಲೀಗಂಟ ಮುಂಗಾಲು ಎತ್ತರಕ್ಕೆ ನಿಲ್ಸಿ, ಬಾಯಿಗೆ ಅಡ್ಡ ಒಂದು ಕೋಲು ಕಟ್ಟಿ, ಎಡಹೊಟ್ಟೆ ತಿಕ್ತಾ ಇರಿ. ಗಾಳಿ ಹೊರಗೆ ಬಂದ್ರೆ ಉಳೀತು. ಮಲಗೋಕೆ ಮಾತ್ರ ಬಿಡ್ಬೇಡಿ!"

ಅಷ್ಟರಲ್ಲಿ ಜವರಮ್ಮನ ತಮ್ಮ, ಸರ್ವರೋಗಸೋಡಾಚಿಕಿತ್ಸಕ ಶಿವನಂಜ, ಮೊಪೆಡ್ಡೆಂಬ ಪುಷ್ಪಕದಿಂದ ಧರೆಗಿಳಿದ.

"ಭಾವ, ಒಂದ್ ಸೋಡಾ ಕುಡ್ಸಾನ. ನಂಗೆ ಹೊಟ್ಟೆ ಉಬ್ಬರ್ಸಿದ್ರೆ ನಾನ್ ಕುಡಿಯೋದು ಅದ್ನೇಯ."

"ನೀನೂ ಹಸನೂ ಒಂದೇನ್ಲಾ? ಹಸ ಹಾಲಾದ್ರೂ ಕೊಡ್ತದೆ!" ಎಂದು ಗೌಡ ಮೀಸೆಯ ಮೇಲೆ ಕೈಯಿಟ್ಟು ಘರ್ಜಿಸಿದ. "ಕೇಳ್ಲಾ, ಶಿವನಂಜ! ಏಳೂರಲ್ಲಿ ದನದ ಮರ್ಮ ಬಲ್ಲ ಗಂಡು ಅಂತಿದ್ರೆ ಅದು ನಾನೊಬ್ನೇಯ! ನಮ್ಮಪ್ಪ ಬರೀ ಗುರಾಯ್ಸಿ ಹೋರಿ ಹೊಟ್ಟೆ ಇಳ್ಸಿದ್ದ!"

"ನಿಮ್ಮಪ್ಪುಂದೇ ಸಾಯೋಗಂಟ ಇಳೀಲಿಲ್ವಲ್ಲ ಭಾವ!"

"ಇಬ್ರೂ ಬಾಯ್ ಮುಚ್ರಿ!" ಎಂದಳು ಜವರಮ್ಮ. "ಇಲ್ದಿದ್ರೆ ಕೋಲ ನಿಮ್ ಬಾಯಿಗೇ ಕಟ್ಟೇನು!"

ಹೀಗೆಂದು ಆ ವೀರಾಗ್ರಣಿ ಬೇವಿನ ಕೋಲೊಂದನ್ನು ಮುರಿದು, ಲಚ್ಚಿಯ ಬಾಯಿಗೆ ಅಡ್ಡವಿಟ್ಟು, ಕೊಂಬಿನ ಹಿಂದಕ್ಕೆ ದಾರ ಬಿಗಿದಳು. ಆ ಮನೆಯಲ್ಲಿ ಎತ್ತರದ ಸ್ಥಳವೆಂದರೆ ಜಗಲಿಯೊಂದೇ. ಮುಂದಿನಿಂದ ಶಿವನಂಜ ಹಗ್ಗ ಜಗ್ಗಿದ. ಹಿಂದಿನಿಂದ ಗೌಡ ಸಮುದ್ರಮಥನದ ಮಂದರಪರ್ವತಕ್ಕೆ ಹೆಗಲು ಕೊಟ್ಟಂತೆ ಹೆಗಲು ಕೊಟ್ಟ. ಪರ್ವತ ಅವನ ಅಂಗಿಯ ಮೇಲೆ ಸಗಣಿ ಹಾಕಿತು. ಆದರೂ ಲಚ್ಚಿಯ ಮುಂಗಾಲುಗಳು ಜಗಲಿಯೇರಿದವು!

ಮೂವರೂ ತಿಕ್ಕಿದರು. ತಿಕ್ಕಿದಷ್ಟೂ ಹೊಟ್ಟೆ ಬಿಗಿಯಿತು. ಲಚ್ಚಿಯ ನಾಲಿಗೆ ಹೊರಬಂತು, ಹಿಂಗಾಲು ಒಮ್ಮೆ ಕುಸಿಯಿತು. ಜವರಮ್ಮ ತನ್ನ ಹೆಗಲನ್ನೇ ಅವಳ ಪಕ್ಕೆಗೆ ಊರುಗೋಲಾಗಿ ಕೊಟ್ಟು, "ನಿಂತ್ಕೊ ಕಣವ್ವ... ಇನ್ನೊಂದ್ ಗಳಿಗೆ ನಿಂತ್ಕೊ, ನನ್ ಕೂಸೆ" ಎಂದಳು. ಆ ಧ್ವನಿ ಕೇಳಿ ಗೌಡನ ಕ್ಷಾತ್ರವೆಲ್ಲ ಕರಗಿತು. ಅವನು ಲಚ್ಚಿಯ ಮುಖದೆದುರು ಬಂದು ಮೊಣಕಾಲೂರಿ ಕೈಮುಗಿದ.

"ತೆಪ್ಪಾಯ್ತು ಕಣವ್ವ ಲಚ್ಚಿ. ಇನ್ಮೇಲೆ ಯಾರ್ ಕೇಳಿದ್ರೂ..."

ಆಗ, ಹಾ! ದಿಗ್ಗಜಗಳು ಕಿವಿ ಮುಚ್ಚಿಕೊಂಡವು. ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ನಾಲ್ಕು ಗೃಹಪ್ರವೇಶಗಳ ಸಮಸ್ತ ಪುಣ್ಯವೂ ಹುಳಿಗಂಧಯುಕ್ತವಾಗಿ, ಪ್ರಳಯಮೇಘನಿರ್ಘೋಷದೊಡನೆ, ಪಾತಾಳದಿಂದೆದ್ದ ಝಂಝಾವಾತವಾಗಿ ಗೌಡನ ಮುಖಕ್ಕೆ ಅಪ್ಪಳಿಸಿ ಮೀಸೆಯನ್ನು ಕೆದರಿಹಾಕಿತು!

ಹಿಂದೆಯೇ ಇನ್ನೆರಡು ಅಬ್ಬರಗಳು. ಹೊಟ್ಟೆ ಇಳಿಯಿತು. ಜವರಮ್ಮ ಲಚ್ಚಿಯ ಕತ್ತಿಗೆ ಮುಖವೊತ್ತಿ ನಕ್ಕಳೋ ಅತ್ತಳೋ, ಕವಿಗೆ ತಿಳಿಯದು.

ವೈದ್ಯರು ಬೈಕಿನಿಂದ ಹಾರಿ, ಚೀಲ ಬಿಚ್ಚುತ್ತಾ ಓಡಿ ಬಂದರು. "ಏನಾಯ್ತು?"

ಗೌಡ ಎದೆಯುಬ್ಬಿಸಿದ. "ಸಾ, ಅದೊಂದು ಮಾಭಾರ್ತ..."

"ತೇಗ್ತು ಸಾ" ಎಂದಳು ಜವರಮ್ಮ.

ವೈದ್ಯರು ಹೊಟ್ಟೆ ತಟ್ಟಿ ನೋಡಿ, ಒಂದು ಸೂಜಿ ಚುಚ್ಚಿ, "ಎರಡು ದಿನ ಒಣಹುಲ್ಲು ಬಿಟ್ಟು ಬೇರೇನೂ ಹಾಕ್ಬೇಡಿ" ಎಂದರು. ಅಷ್ಟರಲ್ಲಿ ಗೌಡನ ಫೋನು ಮೊಳಗಿತು: ಶುಕ್ರವಾರ ಬೆಳಗ್ಗೆ ಹೊಸ ಮನೆ, ಹಸು ಬೇಕಾಗಿತ್ತು. ರೂಢಿಬಲದಿಂದ ಗೌಡನ ನಾಲಿಗೆ "ಬತ್ತಾ..." ಎನ್ನುವಷ್ಟರಲ್ಲೇ ಜವರಮ್ಮ ಫೋನು ಕಿತ್ತುಕೊಂಡಳು.

"ಹಸ ಬರಕಿಲ್ಲ ಕಣಪ್ಪ. ನಮ್ಮೆಜಮಾನ್ರು ಬತ್ತಾರೆ. ಅಕ್ಕಿ, ಬೆಲ್ಲ ಏನ್ ಕೊಟ್ರೂ ತಿಂತಾರೆ. ಸಗಣಿ ಮಾತ್ರ ನೀವೇ ತಂದ್ಕಳಿ."