ಮೈಕಿನ ಮುಂದೆ ನಮ್ಮ ಮನೆಯಾಕೆ

ಮಗಳನ್ನು ಮಾತು ಕಲಿಸುವ ಕಾಲೇಜಿಗೆ ಸೇರಿಸಿದ ಮನೆಯಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಅಳುವ ಕಾಲದಲ್ಲೂ ಅದು ಬಿಡುವುದಿಲ್ಲ. ಭಗವಂತ ಎರಡನ್ನೂ ಒಂದೇ ಎಲೆಗೆ ಏಕೆ ಬಡಿಸುತ್ತಾನೋ, ಅವನಿಗೇ ಗೊತ್ತು.

ಕೊಟ್ಟಿಗೆಯಲ್ಲಿ ವಾರ್ತೆ

ನಮ್ಮದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿ. ಮಗಳು ಕೆಜಿಎಫ್‌ಗೆ ಬಸ್ಸಿನಲ್ಲಿ ಹೋಗಿ ಓದುತ್ತಾಳೆ. ರೇಡಿಯೋದಲ್ಲಿ ವಾರ್ತೆ ಓದುವುದು, ಜನರನ್ನು ಮಾತಾಡಿಸಿ ಕಾರ್ಯಕ್ರಮ ಮಾಡುವುದು, ಇವೇ ಅವಳ ಪಾಠ. ಸೇರುವ ದಿನ ನನ್ನ ಹೆಂಡತಿ, "ಮಾತಾಡಾಕೂ ಕಾಲೇಜಾ? ನನ್ನ ಕೇಳಿದ್ರೆ ಪುಕ್ಸಟ್ಟೆ ಕಲಿಸ್ತಿದ್ನಲ್ಲ" ಎಂದಳು. ಸುಳ್ಳಲ್ಲ. ಆಕೆಯ ದನಿ ಮೂರು ಹೊಲದಾಚೆಗೆ ಕೇಳಿಸುತ್ತಿತ್ತು.

ಮಗಳು ಬೆಳಗಿನ ಹೊತ್ತು ಕೊಟ್ಟಿಗೆಯಲ್ಲಿ ನಿಂತು ವಾರ್ತೆ ಓದಿ ಅಭ್ಯಾಸ ಮಾಡುತ್ತಿದ್ದಳು. ಅತ್ತ ಅಪಘಾತ, ಇತ್ತ ಪ್ರವಾಹ, ಎಲ್ಲವೂ ಗಂಭೀರ ಸ್ವರದಲ್ಲಿ. ಒಂದು ದಿನ ಹಸು ಹಾಲೇ ಇಳಿಸಲಿಲ್ಲ. ಚೆಂಬು ಹಿಡಿದು ಕೂತಿದ್ದ ತಾಯಿ ತಲೆ ಎತ್ತಿ, "ಅಮ್ಮಿ, ಒಸಿ ಒಳ್ಳೇ ಸುದ್ದಿ ಇದ್ರೆ ಓದು. ಇದು ಬಾಯಿಲ್ಲದ ಜೀವ, ಎದುರ್ಕೊಂಡೈತೆ" ಎಂದಳು.

ಕೇಳುವವರು ಯಾರು?

ಮುಂದೆ ನನ್ನ ಹೆಂಡತಿಯ ಗಂಟಲು ಕಟ್ಟತೊಡಗಿತು. ಶುಂಠಿ ಕಷಾಯ ಆಯಿತು, ಹರಕೆ ಆಯಿತು. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು, ಗಂಟಲೊಳಗಿನ ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದರು.

ಆ ವಾರವೇ ಮಗಳು ಕಾಲೇಜಿನಿಂದ ಮೈಕು, ರೆಕಾರ್ಡರು ತಂದಳು. ಮನೆಯ ಹಿರಿಯರೊಬ್ಬರನ್ನು ಮಾತನಾಡಿಸಿ ತರಬೇಕಂತೆ, ಪಾಠಕ್ಕೆ. ಪಾಠಕ್ಕಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ತಾಯಿ ತಲೆಗೆ ಸೆರಗು ಹೊದ್ದು, ಪುರೋಹಿತರ ಮುಂದೆ ಕೂತ ಹಾಗೆ ಕೂತಳು.

"ಏನಾದ್ರೂ ಮಾತಾಡಮ್ಮ."

"ಯಾರು ಕೇಳ್ತಾರೆ ಇದ್ನ?"

"ನಾನೇ ಕಣಮ್ಮ. ಆಮ್ಯಾಕೆ, ಬೇಕು ಅನ್ನಿಸ್ದಾಗ."

ಆಕೆ ಮಗಳ ಮುಖ ನೋಡಿದಳು. ಆಮೇಲೆ ಮೈಕಿನ ಹತ್ತಿರ ಬಾಗಿ, ಒಡೆದ ದನಿಯಲ್ಲಿ, "ಊಟ ಮಾಡ್ದೇನಮ್ಮಿ?" ಎಂದಳು. ಮಗಳು ಕಣ್ಣೊರೆಸಿಕೊಂಡು ಅದನ್ನು ಮತ್ತೆ ಕೇಳಿಸಿದಳು. ತಾಯಿ ಕಿವಿಗೊಟ್ಟು ಕೇಳಿ, "ಯಾರವ್ವ ಈವಮ್ಮ, ಇಂಗೆ ಗಂಟ್ಲು ಕೆರಕೊಂತಾಳೆ? ಇವ್ಳಿಗೂ ಒಸಿ ಕಷಾಯ ಕೊಡ್ಬಾರ್ದಾ?" ಎಂದಳು.

ಒಂದು ಹೆಸರಿನ ರೇಟು

ಸಂದರ್ಶನ ಎಂದಮೇಲೆ ಹೆಸರು, ಊರು, ಮನೆಯವರ ಹೆಸರು ಮೊದಲು ಬರಬೇಕಂತೆ. ಆಕೆ ತನ್ನ ಹೆಸರು ಹೇಳಿದಳು, ಊರು ಹೇಳಿದಳು. ನನ್ನ ಹೆಸರಿಗೆ ಬಂದಾಗ ಮಾತು ನಿಲ್ಲಿಸಿದಳು. ನಮ್ಮ ಕಡೆ ಹಳೇ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನನಗಿಟ್ಟಿರುವುದು ಏಳು ಬೆಟ್ಟದ ಸ್ವಾಮಿಯ ಹೆಸರು. ಹಾಗಾಗಿ ಆಕೆ ದೇವರನ್ನೂ ಹೆಸರು ಹಿಡಿದು ಕರೆದವಳಲ್ಲ. ದೀಪ ಹಚ್ಚುವಾಗ, "ಬೆಟ್ಟದಪ್ಪಾ, ಕಾಪಾಡು" ಅನ್ನುವಳು, ಅಷ್ಟೇ.

ಮಗಳು ಬೇಡಿಕೊಂಡಳು. "ಒಂದೇ ಒಂದ್ಸಲ ಎಸ್ರು ಏಳಮ್ಮ. ಅಪ್ಪ ಕೇಳಿಸ್ಕೊಳ್ಲಿ."

"ಗಂಡನ ಎಸ್ರು ಏಳಿದ್ರೆ ಆಯುಸ್ಸು ಕಮ್ಮಿ ಆಯ್ತದೆ. ನನ್ ದನಿ ಓಗೋದು ಸಾಲ್ದಾ, ಅವ್ರ ಆಯುಸ್ಸೂ ಓಗ್ಲಾ?"

ಜಗಲಿಯಲ್ಲಿದ್ದ ನನಗೆ ತಡೆಯಲಾಗಲಿಲ್ಲ. ಈ ದನಿಯಲ್ಲಿ ನನ್ನ ಹೆಸರು ಕೇಳಲು ಇನ್ನು ಕಾಲವಿರಲಿಲ್ಲ. "ಒಂದು ವರ್ಷ ಹೋದರೆ ಹೋಗಲಿ, ಹೇಳು" ಎಂದೆ.

"ಒಂದೇ ವರ್ಷ ಅಂತ ನಿಮ್ಗೆ ಯಾರು ಏಳಿದ್ರು? ರೇಟು ಗೊತ್ತಾ?" ಎಂದಳು.

ಉಳಿದ ರೆಕಾರ್ಡು

ಮಗಳು ಬೇಸರದಲ್ಲಿ ಯಂತ್ರ ನಿಲ್ಲಿಸುವುದನ್ನು ಮರೆತಳು. ಅಷ್ಟರಲ್ಲಿ ಹಾಲಿನ ಕ್ಯಾನನ್ನು ನಾನು ಬಿಸಿಲಲ್ಲಿ ಬಿಟ್ಟಿದ್ದು ಆಕೆಯ ಕಣ್ಣಿಗೆ ಬಿತ್ತು. ಡಾಕ್ಟರು ದನಿ ಎತ್ತಬಾರದು ಎಂದಿದ್ದರೂ, ಕನ್ನಡ ಸಾಲದೆ ತೆಲುಗಿಗೂ ಹೋಗಿ ಬೈದಳು. ಅಷ್ಟೂ ಯಂತ್ರದಲ್ಲಿ ಕೂತಿತು.

ಕ್ಲಾಸಿನಲ್ಲಿ ಅದನ್ನೇ ಹಾಕಿದರಂತೆ. ಎಲ್ಲರೂ ನಕ್ಕರಂತೆ. ಕೆಜಿಎಫ್‌ನ ಕೋರಮಂಡಲ್ ಗಣಿ ಕಾಲೋನಿಯ ತಮಿಳು ಹುಡುಗಿಯೊಬ್ಬಳು, "ಅಯ್ಯೋ, ನಿಮ್ಮಮ್ಮನ್ನ ಒಂದಿನ ನಮ್ಮನೆಗೆ ಕಳಿಸೇ, ನಮ್ಮಪ್ಪನಿಗೆ ಬೈಯೋರೇ ಇಲ್ಲ" ಎಂದಳಂತೆ. ಇದನ್ನು ಕೇಳಿ ಹೆಂಡತಿ ಕೆಮ್ಮು ಬರುವವರೆಗೂ ನಕ್ಕಳು. ಆ ನಗುವಿನ ಸದ್ದು ನಾನು ಕೇಳಿದ್ದು ಅದೇ ಕೊನೆ. ನಕ್ಕು ಮುಗಿದ ಮೇಲೆ, "ತಮಿಳಲ್ಲಿ ಬೈಬೇಕಾ, ಕೇಳ್ಕೊಂಡು ಬಾ" ಎಂದಳು.

ಸದ್ದಿಲ್ಲದ ಮೇಲೆ

ಆಪರೇಷನ್ ಆಯಿತು. ದೇವರ ದಯೆ, ಮನೆಗೆ ಬಂದಳು. ಕತ್ತಿನಲ್ಲೊಂದು ತೂತು, ಅದಕ್ಕೆ ತೆಳ್ಳಗಿನ ಬಟ್ಟೆ. ಕೆಲವು ದಿನ ಗೋಡೆ ನೋಡಿಕೊಂಡೇ ಇದ್ದಳು. ಹಸು ಕೂಡ ಬಾಗಿಲ ಕಡೆ ನೋಡಿ ನೋಡಿ ಅಂಬಾ ಅನ್ನುತ್ತಿತ್ತು.

ಒಂದು ಮಧ್ಯಾಹ್ನ ಚಪ್ಪಾಳೆ ಕೇಳಿ ತಿರುಗಿದೆ. ಆಕೆ ನನ್ನತ್ತ ನೋಡಿ ಏನೋ ಹೇಳುತ್ತಿದ್ದಳು, ಬರೀ ತುಟಿಯಲ್ಲಿ. ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಮಗಳು ತಾಯಿಯ ಬಾಯನ್ನೇ ನೋಡುತ್ತಿದ್ದವಳು, "ಅಪ್ಪಾ, ನಿನ್ ಎಸ್ರು ಕಣಪ್ಪ!" ಎಂದು ಕೂಗಿದಳು.

"ಮತ್ತೆ ಆಯುಸ್ಸು?" ಎಂದೆ.

ಆಕೆ ಕತ್ತಿನ ಬಟ್ಟೆ ಮುಟ್ಟಿ ತೋರಿಸಿ, ಕೈ ಆಡಿಸಿದಳು. ಸದ್ದೇ ಇಲ್ಲ, ಇನ್ನು ದೋಷ ಎಲ್ಲಿಯದು ಎಂದು.

ಈಗ ನೀರು ತಾ ಅನ್ನುವುದಕ್ಕೂ ಅದೇ ಹೆಸರು, ರಾಗಿ ಮಿಲ್ಲಿಗೆ ಕಳಿಸುವುದಕ್ಕೂ ಅದೇ ಹೆಸರು. ಮೊನ್ನೆ ನಾನು ಬೆನ್ನು ಹಾಕಿ ಪೇಪರು ಓದುತ್ತಿದ್ದೆ. ಬೆನ್ನಿಗೆ ಒಂದು ಬದನೆಕಾಯಿ ಬಂದು ಬಿತ್ತು. ತಿರುಗಿ ನೋಡಿದೆ. ಆಕೆ ನಿಧಾನವಾಗಿ, ಒಂದಕ್ಷರವನ್ನೂ ಬಿಡದೆ, ನನ್ನ ಹೆಸರು ಹೇಳಿ, ಇನ್ನೊಂದು ಬದನೆಕಾಯಿ ಕೈಗೆತ್ತಿಕೊಂಡಳು.