ನಾನು ಹಾಡಿದ್ದು, ಕ್ಯಾಸೆಟ್ಟು ಕೇಳಿದ್ದು

ಲಾಠಿಗೆ ಹೆದರದ ನನ್ನ ಗಂಟಲು ವಯಸ್ಸಿಗೆ ಸೋತಿತು. ಅರ್ಧ ಆಯುಷ್ಯ ಗಿರಣಿ ಗೇಟಿನ ಮುಂದೆ ಹೋರಾಟದ ಹಾಡು ಹಾಡಿದವನು ನಾನು. ಈಗ ಎರಡು ಸಾಲು ಎಳೆದರೆ ಎಣ್ಣೆ ಕಾಣದ ಬಾಗಿಲು ತೆರೆದಂತಾಗುತ್ತದೆ. ಸಂಘದ ಕಾರ್ಯದರ್ಶಿ ನಯವಾಗಿಯೇ ಹೇಳಿದ:

“ಅಣ್ಣಾ, ಈ ಸಲದ ಸಭೇಲಿ ನೀವು ಹಾಡೋದು ಬೇಡ. ಮುಂದಿನ ಕುರ್ಚೀಲಿ ಆರಾಮಾಗಿ ಕೂತ್ಕೊಳ್ಳಿ.”

(ಮುಂದಿನ ಕುರ್ಚಿ ಎಂದರೆ ಬದುಕಿರುವವರಿಗೆ ಹಾರ ಹಾಕಿ ಬಾಯಿ ಮುಚ್ಚಿಸುವ ಜಾಗ.)

ನಾನು ಬಿಡುವ ಆಸಾಮಿಯೇ? ಒಂದು ಖಾಲಿ ಕ್ಯಾಸೆಟ್ ತಂದೆ. ಮನೆಯಲ್ಲೇ ಒಂದೊಂದು ಚರಣ ಹಾಡಿ, ನಡುವೆ ಬಿಸಿನೀರು ಕುಡಿದು ಸುಧಾರಿಸಿಕೊಂಡು, ತುಂಬಿಸುವುದು. ಗೇಟಿನ ಮುಂದೆ ಮೈಕಿಗೆ ಹಚ್ಚುವುದು. ಗಂಟಲು ಸೋತರೂ ಗಾಯಕ ಸೋಲಬಾರದು.

ಕೂಡಲೇ ಮನೆಯಲ್ಲಿ ನಿಷೇಧಾಜ್ಞೆ ಜಾರಿ ಮಾಡಿದೆ. (ಜೀವನವಿಡೀ ಅದನ್ನು ಮುರಿದವನಿಗೆ ಒಮ್ಮೆ ಹೊರಡಿಸುವ ಸುಖವೂ ಬೇಡವೇ?) ನಲ್ಲಿ ತಿರುಗಿಸತಕ್ಕದ್ದಲ್ಲ. ಪಾತ್ರೆ ಸದ್ದು ಮಾಡತಕ್ಕದ್ದಲ್ಲ. ಕೆಮ್ಮು ಬಂದರೆ ಹಿತ್ತಲಿಗೆ ಹೋಗತಕ್ಕದ್ದು.

“ಅಡುಗೆ ತಾನಾಗೇ ಆಗತಕ್ಕದ್ದೋ?” ಎಂದಳು ನನ್ನವಳು.

ಟೇಪ್ ರೆಕಾರ್ಡರಿನಲ್ಲಿ ತಡೆದು ನಿಲ್ಲಿಸುವ ಗುಂಡಿಯೊಂದಿದೆ. ಒಮ್ಮೆ ಒತ್ತಿದರೆ ಟೇಪು ನಿಲ್ಲುತ್ತದೆ, ಮತ್ತೊಮ್ಮೆ ಒತ್ತಿದರೆ ಓಡುತ್ತದೆ. ಗದ್ದಲವಾದಾಗ ಒತ್ತಿದರಾಯಿತೆಂದು ಅದರ ಮೇಲೆ ಬೆರಳಿಟ್ಟು, ಎಡಮುಷ್ಟಿ ಎತ್ತಿ, ಕಣ್ಣು ಮುಚ್ಚಿ ಹಾಡತೊಡಗಿದೆ. (ಕಣ್ಣು ಬಿಟ್ಟುಕೊಂಡು ಹಾಡಿದರೆ ನನಗೆ ಆವೇಶ ಬರುವುದಿಲ್ಲ.)

ಚರಣ ಮೇಲೇರುವಷ್ಟರಲ್ಲಿ ಕುಕ್ಕರ್ ಕೂಗಿತು. ಗುಂಡಿ ಒತ್ತಿದೆ.

“ಲೇ, ಅದರ ಬಾಯಿ ಮುಚ್ಚಿಸೇ!”

“ಅದರ ಬಾಯಿ ಮುಚ್ಚಿಸಿದ್ರೆ ಸಿಡಿಯುತ್ತೆ. ನನ್ನ ಬಾಯಿ ಮುಚ್ಚಿಸಿದೀರಲ್ಲ, ಸಾಲದಾ?”

ಮತ್ತೆ ಒತ್ತಿದೆ, ಹಾಡಿದೆ. ತಟ್ಟೆಗಳು ದಡದಡ ಉರುಳಿದವು. ಒತ್ತಿದೆ.

“ಬೇಕಂತಲೇ ಬೀಳಿಸ್ತೀಯಾ?”

“ನಿಮಗೆ ವಾರದ ರಜ ಬೇಕು, ಕೆಲಸದ ಹೊತ್ತು ಕಮ್ಮಿಯಾಗ್ಬೇಕು. ನನಗೆ ಯಾವತ್ತು ರೀ ರಜ? ಧಿಕ್ಕಾರ ಕೂಗೋಣಾಂದ್ರೆ ಈ ಅಡುಗೆಮನೆಗೆ ಒಂದು ಗೇಟೂ ಇಲ್ಲ!”

“ಅದು ಬೇರೆ ವಿಷಯ ಕಣೇ.”

“ಹೂಂ, ಮಾಲೀಕರೂ ಹಾಗೇ ಅಂತಾರೆ.”

ಹೀಗೇ ಹಾಡು, ಜಗಳ, ಹಾಡು, ಜಗಳ. ಸಂಜೆಗೆ ಕ್ಯಾಸೆಟ್ ತುಂಬಿತು, ನಾನು ಖಾಲಿಯಾದೆ. ಯಾರೂ ಅಳಿಸದಿರಲೆಂದು ಅದರ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನೂ ಮುರಿದೆ.

“ಒಂದ್ಸಲ ಹಾಕಿ ಕೇಳ್ರಿ.”

“ನನ್ನ ದನಿ ನನಗೆ ಗೊತ್ತಿಲ್ವೇನೇ?”

ಸಭೆಯ ದಿನ ಮುಂದಿನ ಕುರ್ಚಿಯನ್ನು ಕಾಲಿನಿಂದ ಸರಿಸಿ ವೇದಿಕೆ ಹತ್ತಿದೆ. ಕಾರ್ಯದರ್ಶಿ ಟೇಪು ಹಚ್ಚಿದ. ಧ್ವನಿವರ್ಧಕ ಕೊರಕೊರ ಎಂದಿತು. ಆಮೇಲೆ ಕುಕ್ಕರ್ ಕೂಗಿತು. “ಲೇ, ಅದರ ಬಾಯಿ ಮುಚ್ಚಿಸೇ!” ಎಂಬ ನನ್ನ ಸಿಂಹಗರ್ಜನೆ ಬೀದಿಯುದ್ದಕ್ಕೂ ಮೊಳಗಿತು.

ಹಾಡು ತುಂಬಿಸಿದ ದಿನ ಬೆಳಿಗ್ಗೆ ಯಂತ್ರದ ಧೂಳು ಒರೆಸುವಾಗಲೇ ಆ ತಡೆಯುವ ಗುಂಡಿಯನ್ನು ಒಮ್ಮೆ ಅದುಮಿಬಿಟ್ಟಿದ್ದೆನೆಂದು ಆಗ ಹೊಳೆಯಿತು. ಹಾಡುವಾಗ ಟೇಪು ನಿಂತಿತ್ತು, ಜಗಳಕ್ಕೆ ಓಡಿತ್ತು. ಹಾಡು ಒಂದಕ್ಷರ ಇಲ್ಲ. ಜಗಳ ಒಂದಕ್ಷರ ಬಿಟ್ಟಿಲ್ಲ.

ನಿಲ್ಲಿಸಲು ಓಡಿದೆ. ನೂಲುವ ವಿಭಾಗದ ಹೆಂಗಸರು ಎದ್ದು ನಿಂತರು.

“ಅಣ್ಣಾ, ಕೈ ತೆಗಿ! ಅಕ್ಕ ಮಾತಾಡ್ತಿದಾಳೆ!”

‘ಮಾಲೀಕರೂ ಹಾಗೇ ಅಂತಾರೆ’ ಎಂಬಲ್ಲಿ ಬಿದ್ದ ಚಪ್ಪಾಳೆ ನನ್ನ ಯಾವ ಹಾಡಿಗೂ ಬಿದ್ದಿರಲಿಲ್ಲ. ಕೆಳಗಿಳಿದು, ಸರಿಸಿದ್ದ ಕುರ್ಚಿಯನ್ನು ನಾನೇ ಎಳೆದುಕೊಂಡು ಕೂತೆ.

ಈಗ ಆ ಹೆಂಗಸರಿಗೆಲ್ಲ ಆ ಕ್ಯಾಸೆಟ್ಟಿನ ಪ್ರತಿ ಬೇಕಂತೆ. ಒಂದು ಯಂತ್ರದಲ್ಲಿ ಹಚ್ಚಿ, ಎದುರಿಗಿಟ್ಟ ಇನ್ನೊಂದರಲ್ಲಿ ತುಂಬಿಸಬೇಕು. ಮನೆಯಲ್ಲಿ ಸೊಳ್ಳೆಯೂ ಗುಂಯ್‌ಗುಡುವಂತಿಲ್ಲ. ನನ್ನವಳು ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದಾಳೆ, ಕಣ್ಣು ಬಿಟ್ಟುಕೊಂಡೇ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಕೈಯಿಂದ ಒಂದು ಚಮಚ ಜಾರಿತು.

ಟಕ್ಕೆಂದು ಗುಂಡಿ ಒತ್ತಿದ ಸದ್ದು.

“ರೀ! ಪಾತ್ರೆ ಎಲ್ಲಾ ಹಿತ್ತಲಿಗೆ ಹೊತ್ಕೊಂಡು ಹೋಗತಕ್ಕದ್ದು!”