ಹಿಡಿ ಇಲ್ಲದ ಹಿತ್ತಾಳೆ ಸೌಟು

ನನ್ನ ಹಿತ್ತಾಳೆ ಸೌಟು ತಾನಾಗಿ ಮುರಿದದ್ದಲ್ಲ. ನಮ್ಮ ಯಜಮಾನರು ಗರಗಸ ಹಾಕಿ ಅದರ ಹಿಡಿ ಕೊಯ್ದರು. ತವರಿನಿಂದ ತಂದ ಸೌಟು! ಅವರಿಗೆ ತಲೆ ಕೆಟ್ಟಿದೆ ಎಂದು ಕೊಡ್ಲಿಪೇಟೆಯಲ್ಲಿ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ, ಕೂರಿಸಿ ಕಾಫಿ ಕೊಡುತ್ತೇನೆ.

ಇದೆಲ್ಲ ಶುರುವಾದದ್ದು ಮೊಬೈಲಿನಿಂದ. ಬೆನ್ನಿಗೆ ಚೀಲ ಏರಿಸಿ ಗುಡ್ಡ ಹತ್ತಿ, ಅಲ್ಲೇ ಬೇಯಿಸಿ ತಿನ್ನುವವರನ್ನು ಅದರಲ್ಲಿ ನೋಡಿ ನೋಡಿ, ಕಾಫಿ ಕೊಯ್ಲು ಮುಗಿದ ಕೂಡಲೇ ನಮ್ಮ ತೋಟದ ಹಿಂದಿನ ಬೆಟ್ಟ ಹತ್ತುವುದೆಂದು ನಿಂತರು. ಎಪ್ಪತ್ತು ದಾಟಿದೆ! ಅಡುಗೆಮನೆಯೆಲ್ಲ ಅಂಗೈಯಲ್ಲಿ ಹಿಡಿಯಬೇಕಂತೆ, ತೂಕವೇ ಇರಬಾರದಂತೆ.

ಮೊದಲು ಬಂದದ್ದು ಬುಗುರಿಯಷ್ಟು ಗ್ಯಾಸ್ ಒಲೆ. ಅದರ ಮೇಲೆ ನನ್ನ ಹುರುಳಿ ಸಾರಿನ ಪಾತ್ರೆ ಇಟ್ಟರು. ಆನೆಯನ್ನು ಮಣೆಯ ಮೇಲೆ ಕೂರಿಸಿದ ಹಾಗೆ! ಸಾರು ನಾಯಿಯ ಪಾಲಾಯಿತು.

ಆಮೇಲೆ ಪುಳ್ಳೆ ಉರಿಸುವ ಡಬ್ಬ. ಅದನ್ನು ಎಲ್ಲಿ ಹಚ್ಚಿ ನೋಡಿದರು ಅಂತೀರಿ? ಕಣದಲ್ಲಿ, ಒಣಗಲು ಹರಡಿದ ಕಾಫಿಯ ಪಕ್ಕದಲ್ಲಿ!

"ಕಾಫಿಗೆ ಹೊಗೆ ವಾಸ್ನೆ ಹಿಡಿಯುತ್ತೆ ಕಣ್ರೀ! ಹುಟ್ಟಿದಾಗಿಂದ ಕಾಫಿ ಬೆಳೆದೋರಿಗೆ ಇದನ್ನ ನಾನ್ ಹೇಳ್ಬೇಕಾ?"

"ಗಾಳಿ ಆ ಕಡೆ ಹೋಗ್ತಿತ್ತು ಮಾರಾಯ್ತಿ."

ಗಾಳಿಯೇನು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೇ, ಹೇಳಿದ ಕಡೆ ಹೋಗಲು?

ಮೂರನೆಯದು ತಗಡಿನ ಸ್ಪಿರಿಟ್ ಒಲೆ. ಹಗಲಲ್ಲಿ ಅದರ ಉರಿ ಕಾಣುವುದಿಲ್ಲ. ಹತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದರು. ಹತ್ತಿತ್ತು. ಎಡಗಡೆಯ ಮೀಸೆ ಹೋಯಿತು.

"ಅಷ್ಟು ಭಾರ ಕಮ್ಮಿ ಆಯ್ತು ಬಿಡಿ" ಎಂದೆ.

ಕೊನೆಗೆ ಬುಗುರಿಯೇ ಗೆದ್ದಿತು. ಅದಕ್ಕೆ ತಕ್ಕ ಗಿಂಡಿಯಷ್ಟು ಪಾತ್ರೆಯೂ ಬಂತು. ನಂತರ ಒಂದೊಂದೇ ಸಾಮಾನನ್ನು ಕರಿಮೆಣಸು ತೂಗುವ ತಕ್ಕಡಿಗೆ ಹಾಕಿದರು. ಬೆಂಕಿಪೊಟ್ಟಣದ ಅರ್ಧದಷ್ಟು ಕಡ್ಡಿ ಮನೆಯಲ್ಲೇ ಉಳಿಯಿತು. ಈರುಳ್ಳಿಯನ್ನು ಸುಲಿದೇ ಒಯ್ಯುವುದಂತೆ, ಸಿಪ್ಪೆ ಭಾರವಂತೆ! ಆ ಸಂಜೆಯೇ ನನ್ನ ಸೌಟಿನ ಕತ್ತು ಹೋದದ್ದು.

ಸಿಟ್ಟಿನಲ್ಲಿ ಅವರ ಚೀಲವನ್ನು ಜಗಲಿಯ ಮೇಲೆ ಸುರಿದೆ. ಎರಡು ಲೋಟ ಉರುಳಿದವು.

"ಸಿಪ್ಪೆ ಭಾರ ಅನ್ನೋರಿಗೆ ಎರಡ್ ಲೋಟ ಯಾಕೆ? ಬೆಟ್ಟದ್ ಮೇಲೆ ಯಾರಿಗ್ರೀ ಕಾಫಿ?"

ಅರ್ಧ ಮೀಸೆಯ ಮುಖ ಆ ಕಡೆ ತಿರುಗಿತು.

"ಮದ್ವೆ ಆದ ವರ್ಷ ಕೇಳಿದ್ದೆಯಲ್ಲ, ಆ ಬೆಟ್ಟ ಹತ್ತಿದ್ರೆ ನಿಮ್ಮಮ್ಮನ ಮನೆ ಕಾಣುತ್ತಾ ಅಂತ. ಆವಾಗಿಂದ ನಿಂಗೆ ಒಲೆ ಬಿಟ್ಟು ಏಳೋಕೇ ಆಗ್ಲಿಲ್ಲ. ಈಗ ಮಂಡಿ ನೋವು. ನೀನು ಬರೀ ಕೈಲಿ ಬಾ. ಒಲೆ ನಾನ್ ಹೊರ್ತೀನಿ."

"ಮತ್ತೆ ನನ್ನ ಸೌಟು?"

"ಬೇರೆ ಸೌಟಲ್ಲಿ ಬಡಿಸಿದ್ರೆ ನೀನು ಉಣ್ಣಲ್ಲ. ಹಿತ್ತಾಳೆ ಭಾರ. ಅದಕ್ಕೇ ಹಿಡಿ ತೆಗ್ದೆ."

ಸೌಟಿನ ಸಿಟ್ಟು ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ.

ಮರುದಿನ ಬೆಳಗ್ಗೆ ಅವರು ಏಳುವ ಮೊದಲೇ ನನ್ನ ಸ್ವೆಟರನ್ನು ಮೆಣಸಿನ ತಕ್ಕಡಿಗೆ ಹಾಕಿದೆ. ಭಾರ ಜಾಸ್ತಿಯೇ ಬಂತು. ಕತ್ತಿನ ಹತ್ತಿರದ್ದೊಂದು ಬಿಟ್ಟು ಉಳಿದ ಗುಂಡಿಗಳನ್ನೆಲ್ಲ ಕತ್ತರಿಸಿ ತೆಗೆದೆ.